ಸ್ವಾವಲಂಬಿ ಅಜ್ಜಂದಿರು ಜೊತೆಗೊಬ್ಬರನ್ನು ಕರೆತರತಕ್ಕದ್ದು

ಅಕ್ಟೋಬರ್ 1 ವಿಶ್ವ ಹಿರಿಯರ ದಿನ. 1990ರಲ್ಲಿ ವಿಶ್ವಸಂಸ್ಥೆಯೇ ಗೊತ್ತುಪಡಿಸಿದ ದಿನವಾದ್ದರಿಂದ ಅಂದು ಮುದುಕರಾದವರು ಮನೆಯಲ್ಲಿ ಸುಮ್ಮನೆ ಮಲಗಿರುವಂತಿಲ್ಲ. ಧಾರವಾಡದಲ್ಲಿ ನಮಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದ ಹೆಸರು ‘ಸ್ವಾವಲಂಬಿ ಮುಪ್ಪು’. ಸ್ಥಳ ಎರಡನೆಯ ಮಹಡಿ. ಲಿಫ್ಟ್ ಇತ್ತು, ಅದರೊಳಗೆ ಹಿಂದಿನ ವರ್ಷದ ಬ್ಯಾನರುಗಳನ್ನು ಪೇರಿಸಿಟ್ಟಿದ್ದರು.

ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹೋದವನು. ಬಸ್ಸಿನ ನೆಲ, ನಿಲ್ದಾಣದ ನೆಲ ಎರಡೂ ಒಂದೇ ಮಟ್ಟ, ಮೊಣಕಾಲಿಗೆ ಹಬ್ಬ. ಆದರೆ ನಿಲ್ದಾಣವಿರುವುದು ರಸ್ತೆಯ ನಟ್ಟನಡುವೆ. ಅಲ್ಲಿಂದ ದಂಡೆ ಸೇರಲು ಬೈಕ್ ಸವಾರರ ಕೃಪೆ ಬೇಕು. ಚಿಗರಿ ಎಂದರೆ ನಮ್ಮ ಕಡೆ ಜಿಂಕೆ. ಆ ಹೆಸರು ಬಸ್ಸಿಗಿಂತ ಬಸ್ಸಿನಿಂದ ಇಳಿದವರಿಗೇ ಹೆಚ್ಚು ಒಪ್ಪುತ್ತದೆ.

65 ದಾಟಿದವರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು, ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿದ್ದು ಸೊಂಟ ಮುರಿದುಕೊಳ್ಳದಿರಲಿ ಎಂಬ ಕಾಳಜಿಯಿಂದ. ನಮ್ಮ ಅವಳಿ ನಗರದ ಫುಟ್‌ಪಾತ್‌ಗಳು ಈ ವ್ಯಾಯಾಮವನ್ನು ವಾರದ ಏಳೂ ದಿನ ಮಾಡಿಸುತ್ತವೆ. ಒಂದು ಕಲ್ಲು ಅಲುಗುತ್ತದೆ, ಮುಂದಿನ ಕಲ್ಲು ಇರುವುದೇ ಇಲ್ಲ. ಸಪಾಟು ಹಾದಿಯೇ ಬೇಕು ಎಂದು ಹಟ ಹಿಡಿಯುವವರಿಗೆ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ. ಹೋಗಿ ಬಂದರೆ ಮೂರು ಕಿಲೋಮೀಟರ್. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿದರಾಯಿತು.

ಹತ್ತು ಗಂಟೆಯ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾಯಿತು. ಅತಿಥಿಗಳು ಒಟ್ಟಿಗೆ ಬರಲಿಲ್ಲ, ಒಬ್ಬೊಬ್ಬರಾಗಿ ಬಂದರು. ಪ್ರತಿ ಸಲವೂ ನಾವೆಲ್ಲ ಎದ್ದು ನಿಲ್ಲಬೇಕು. ಕೈ ಊರದೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳುತ್ತೀರಿ ಎಂದು ಎಣಿಸಿ ವೈದ್ಯರು ಕಾಲಿನ ಕಸುವನ್ನು ಅಳೆಯುತ್ತಾರಂತೆ. ನಾವು ಎರಡೂವರೆ ತಾಸಿನಲ್ಲಿ ಐದು ಸಲ ಎದ್ದೆವು. ನಾನಂತೂ ಕೈ ಊರಿದ್ದೆ. ಪಕ್ಕದ ಗೌಡರು ನನ್ನ ಭುಜವನ್ನೇ ಊರಿದ್ದರು.

ಕೊನೆಗೆ ಬಂದ ಅತಿಥಿಗಳು ಮೈಕ್ ಹಿಡಿದು, ‘ಹಿರಿಯರು ಬಹಳ ಹೊತ್ತು ಒಂದೇ ಕಡೆ ಕುಳಿತುಕೊಳ್ಳಬಾರದು’ ಎಂದು ಮುಕ್ಕಾಲು ತಾಸು ತಿಳಿಹೇಳಿದರು. ನಡುವೆ ಎದ್ದು ಹೋಗಲು ಹೊರಟ ಅಜ್ಜಿಯೊಬ್ಬರನ್ನು ಸ್ವಯಂಸೇವಕರು ಗೌರವದಿಂದ ಮರಳಿ ಕೂರಿಸಿದರು. ಆಮೇಲೆ ಎಲ್ಲರಿಗೂ ಎರಡೆರಡು ಧಾರವಾಡ ಪೇಡೆ. ಪೇಡೆ ಬಾಯಲ್ಲಿ ಕರಗುವ ಮೊದಲೇ ಉಚಿತ ಸಕ್ಕರೆ ತಪಾಸಣೆ. ಬೆರಳು ಚುಚ್ಚಿದ ಹುಡುಗ ಅಂಕಿ ನೋಡಿ ನನ್ನನ್ನು ಬೈದ.

ಇನ್ನು ಉಳಿದದ್ದು ಪ್ರಮಾಣಪತ್ರ. ‘ಇವರು ಸ್ವಾವಲಂಬಿ ಹಿರಿಯರೆಂದು ದೃಢೀಕರಿಸಲಾಗಿದೆ’ ಎಂದು ಚೆಂದದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದನ್ನು ಪಡೆಯಲು ಒಂದು ಫಾರ್ಮ್ ತುಂಬಬೇಕು.

‘ಅಜ್ಜಾರೇ, ಜೊತೆಗೆ ಯಾರು ಬಂದಿದ್ದಾರೆ?’ ಎಂದು ಮೇಜಿನ ಹಿಂದಿದ್ದ ಹುಡುಗಿ ಕೇಳಿದಳು.

‘ಯಾರೂ ಇಲ್ಲವ್ವಾ, ಒಬ್ಬನೇ ಬಂದಿದ್ದೇನೆ.’

‘ಹಾಗಾದರೆ ಆಗುವುದಿಲ್ಲ. ಇಲ್ಲಿ ಪಾಲಕರ ಸಹಿ ಬೇಕು.’

ನನಗೆ 71, ಗೌಡರಿಗೆ 83. ಪಾಲಕರೆಲ್ಲ ಎಂದೋ ಹೋಗಿಬಿಟ್ಟಿದ್ದಾರೆ. ಗೌಡರೂ ಒಬ್ಬರೇ ಬಂದವರು. ಕ್ಷಣ ಯೋಚಿಸಿ, ‘ಮಾಸ್ತರರೇ, ಪೆನ್ ಕೊಡಿ’ ಎಂದರು. ಅವರು ನನ್ನ ಪಾಲಕರಾಗಿ ಸಹಿ ಹಾಕಿದರು, ನಾನು ಅವರಿಗೆ ಹಾಕಿದೆ. ಸಂಬಂಧ ಎಂಬ ಕಡೆ ನಾನು ‘ಮಗ’ ಎಂದು ಬರೆದೆ. ಅವರೂ ಹಾಗೆಯೇ ಬರೆದಿದ್ದರು. ಹುಡುಗಿ ಎರಡನ್ನೂ ಓದದೆ ಮುದ್ರೆ ಒತ್ತಿದಳು.