ಲಕ್ಷ್ಮೀಕಾಂತನನ್ನು ಕೊಂದವರ ಹೆಸರು ತೆರೆಯ ಮೇಲೆ ಬೇಡ

1944ರ ನವೆಂಬರ್ 8ರಂದು ಮದರಾಸಿನ ವೇಪೇರಿಯಲ್ಲಿ, ವಕೀಲರ ಮನೆಯಿಂದ ರಿಕ್ಷಾದಲ್ಲಿ ವಾಪಸಾಗುತ್ತಿದ್ದ ಸಿ. ಎನ್. ಲಕ್ಷ್ಮೀಕಾಂತನ್ ಎಂಬ ಪತ್ರಕರ್ತನಿಗೆ ಚಾಕು ಹಾಕಿದರು. ಮಾರನೆಯ ದಿನ ಜನರಲ್ ಆಸ್ಪತ್ರೆಯಲ್ಲಿ ಅವನ ಪ್ರಾಣ ಹೋಯಿತು. ಕೊಂದವರು ಯಾರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಈ ಕೊಲೆಯ ಕತೆ ತೆರೆಗೆ ಬರುತ್ತದೆ ಎಂಬ ಸುದ್ದಿ ಆಗಾಗ ಏಳುತ್ತದೆ. ಎದ್ದಾಗಲೆಲ್ಲ ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರಿನ ಟೀ ಅಂಗಡಿಗಳಲ್ಲಿ ಹಿರಿಯರ ಮಾತಿಗೆ ಜೀವ ಬರುತ್ತದೆ. ನಾನೂ ಆ ಸಿನಿಮಾಕ್ಕಾಗಿ ಕಾಯುತ್ತಿರುವವನೇ.

ಲಕ್ಷ್ಮೀಕಾಂತನ್ ಸಜ್ಜನನೇನಲ್ಲ. ಹಿಂದೆ ಖೋಟಾ ದಾಖಲೆಯ ಕೇಸಿನಲ್ಲಿ ಜೈಲು ಕಂಡವನು. 'ಸಿನಿಮಾ ತೂದು' ಎಂಬ ಪತ್ರಿಕೆಯಲ್ಲಿ ನಟನಟಿಯರ ಖಾಸಗಿ ಬದುಕನ್ನು ಬೀದಿಗೆಳೆದು, ಬರೆಯದೆ ಇರಲು ದುಡ್ಡು ಕೇಳುತ್ತಿದ್ದನೆಂಬ ಆರೋಪ ಹೊತ್ತವನು. ಆಗಿನ ಮಹಾತಾರೆ ಎಂ. ಕೆ. ತ್ಯಾಗರಾಜ ಭಾಗವತರ್, ಹಾಸ್ಯನಟ ಎನ್. ಎಸ್. ಕೃಷ್ಣನ್ ಮತ್ತು ಕೊಯಮತ್ತೂರಿನ ಚಿತ್ರ ನಿರ್ದೇಶಕ ಶ್ರೀರಾಮುಲು ನಾಯ್ಡು ಗವರ್ನರಿಗೆ ದೂರು ಕೊಟ್ಟ ಮೇಲೆ ಪತ್ರಿಕೆಯ ಪರವಾನಗಿ ಹೋಯಿತು. ಅವನು 'ಹಿಂದು ನೇಸನ್' ಎಂಬ ಇನ್ನೊಂದು ಪತ್ರಿಕೆ ಹಿಡಿದು ಅದೇ ಕೆಲಸ ಮುಂದುವರಿಸಿದ. ಕೊಲೆಯಾದ ಮೇಲೆ ದೂರು ಕೊಟ್ಟ ಆ ಮೂವರೂ ಆರೋಪಿಗಳಾದರು.

1945ರಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆದು ನಾಯ್ಡು ಬಿಡುಗಡೆಯಾದರು. ಭಾಗವತರಿಗೂ ಕೃಷ್ಣನ್‌ಗೂ ಜೀವಾವಧಿ ಶಿಕ್ಷೆ. ಹಿಂದಿನ ವರ್ಷದ ದೀಪಾವಳಿಗೆ ತೆರೆಕಂಡಿದ್ದ ಭಾಗವತರ 'ಹರಿದಾಸ್' ಚಿತ್ರ ಮದರಾಸಿನ ಬ್ರಾಡ್‌ವೇ ಟಾಕೀಸಿನಲ್ಲಿ ಮೂರು ದೀಪಾವಳಿ ಕಂಡಿತು. ಅದರ ನಾಯಕ ಆ ಹೊತ್ತಿನಲ್ಲಿ ಕಂಬಿಯ ಹಿಂದೆ! ಕೊನೆಗೆ ಆಗ ಎಲ್ಲಕ್ಕೂ ಮೇಲಿನ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೇಸನ್ನು ವಾಪಸು ಕಳಿಸಿ, 1947ರ ಏಪ್ರಿಲ್‌ನಲ್ಲಿ ಮದರಾಸು ಹೈಕೋರ್ಟು ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಕೃಷ್ಣನ್ ಮತ್ತೆ ಜನರನ್ನು ನಗಿಸಿದರು. ಭಾಗವತರ ಚಿತ್ರಗಳು ಮಾತ್ರ ಮತ್ತೆ ಓಡಲಿಲ್ಲ. 1959ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 49.

ನನಗೆ ಇಷ್ಟವಾಗುವುದು ಇದನ್ನು ಇಲ್ಲಿನ ತಮಿಳರು ಮಾತಾಡುವ ರೀತಿ. ನಮ್ಮ ಬೀದಿಯ ಹಿರಿಯರೊಬ್ಬರು ಭಾಗವತರ ಹಾಡೆಂದರೆ ಕಣ್ಣು ಮುಚ್ಚಿ ತಲೆದೂಗುವವರು. ಹಾಡು ಮುಗಿದದ್ದೇ, ಸಾಕ್ಷಿಗಳು ಹೇಳಿದ್ದೇನು, ಪೊಲೀಸರು ಬಿಟ್ಟದ್ದೇನು ಎಂದು ವಾದಕ್ಕೆ ಕೂರುತ್ತಾರೆ. ಅವರ ಅಭಿಮಾನಕ್ಕೆ ಅನುಮಾನ ಅಡ್ಡ ಬರುವುದಿಲ್ಲ. ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಕನ್ನಡದವರ ಹತ್ತಿರ ಇದೇ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ, 'ಪಾಪ, ಭಾಗವತರು ಮಾಡಿಲ್ಲ ತಾನೆ?' ಮಾಡಿಲ್ಲ ಎಂದರೆ ಸಮಾಧಾನ, ಅಲ್ಲಿಗೆ ಮಾತು ಮುಗಿಯಿತು.

ಗಡಿಯಾಚೆಯ ನಮ್ಮ ಸಿನಿಮಾದಲ್ಲೂ ನನಗೆ ಕಾಣುವುದು ಇದೇ ಸ್ವಭಾವ. ಇತಿಹಾಸ ಎಂದರೆ ಅರಸು, ಯುದ್ಧ, ಭಕ್ತಿ. ನಾಯಕನನ್ನು ಮೊದಲೇ ಗುಡಿಯಲ್ಲಿ ಕೂರಿಸಿ ಆಮೇಲೆ ಕತೆ ಹೇಳುತ್ತೇವೆ. ತಮಿಳರೂ ಸಿನಿಮಾಗಳಿಗೆ ಅಡ್ಡ ನಿಂತವರೇ, ಜಾತಿ ಪಕ್ಷಗಳ ಗಲಾಟೆ ಅಲ್ಲೂ ಕಡಿಮೆಯಿಲ್ಲ. ಆದರೂ ಕೋರ್ಟು ಕಾಗದದಲ್ಲಿ ಉಳಿದ ಹಳೆಯ ಕೇಸನ್ನು ತಲೆಮಾರಿನಿಂದ ತಲೆಮಾರಿಗೆ ಕೆದಕುವ ಹಟ ಅವರಲ್ಲಿದೆ. ನಮ್ಮಲ್ಲಿ ಅದಿಲ್ಲ, ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಸರಕಿಲ್ಲವೆಂದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಂತ್ರಿಯಾಗಿದ್ದ ಯಳಂದೂರಿನ ಜೈನ, ವಿಶಾಲಾಕ್ಷ ಪಂಡಿತ, 1680ರ ದಶಕದಲ್ಲಿ ಕೊಲೆಯಾದ. ಅರಸನಿಗೆ ಪಟ್ಟ ಸಿಗುವ ಮೊದಲಿನ ಕಷ್ಟದ ದಿನಗಳಿಂದಲೂ ಜೊತೆಗಿದ್ದವನು. ಕಂದಾಯಕ್ಕೆ ಸಿಡಿದ ರೈತರು, ಜಂಗಮರ ಮೇಲೆ ನಡೆದ ಹಿಂಸೆ, ಕೊಲೆ ಅದರ ಸೇಡು ಎಂಬ ಮಾತು, ಪಂಡಿತನ ಸ್ಥಾನಕ್ಕೆ ಬಂದ ತಿರುಮಲಾರ್ಯ: ಒಂದು ಸಿನಿಮಾಕ್ಕೆ ಇನ್ನೇನು ಬೇಕು? ಯಾರನ್ನೂ ದೇವರು ಮಾಡದೆ, ಯಾರನ್ನೂ ರಾಕ್ಷಸ ಮಾಡದೆ ಇದನ್ನು ತೆಗೆಯುವ ಧೈರ್ಯ ನಮ್ಮವರಿಗೆ ಬರಬೇಕು. ಹಾಗೆ ತೆಗೆದದ್ದನ್ನು ತಾಳ್ಮೆಯಿಂದ ನೋಡುವ ಮನಸ್ಸು ನಮಗೂ ಬರಬೇಕು.

ಲಕ್ಷ್ಮೀಕಾಂತನ್ ಸಿನಿಮಾದಿಂದಲೂ ನಾನು ಬಯಸುವುದು ಈ ಧೈರ್ಯವನ್ನೇ. ಕೊನೆಯ ರೀಲಿನಲ್ಲಿ ಯಾವನನ್ನೋ ಕೊಲೆಗಾರನೆಂದು ಎಳೆತಂದು ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ ನಿಜ. ಆದರೆ ಒಮ್ಮೆ ತಪ್ಪು ತೀರ್ಪಿನಿಂದ ಇಬ್ಬರ ಬದುಕು ಹಾಳಾದ ಕೇಸಿನಲ್ಲಿ ಮತ್ತೊಂದು ತೀರ್ಪನ್ನು ಸಾಕ್ಷಿಯಿಲ್ಲದೆ ಕೊಡುವುದು ಅನ್ಯಾಯ. ಸತ್ತವನನ್ನೂ ಬರೀ ಖಳನಾಗಿ ತೋರಿಸಬಾರದು. ಎಲ್ಲರೂ ದ್ವೇಷಿಸಿದ ಮನುಷ್ಯನ ಕೊಲೆಯೂ ಕೊಲೆಯೇ.

ನಾಯ್ಡು ಅವರನ್ನೂ ಮರೆಯಬಾರದು. ಬಿಡುಗಡೆಯಾದ ಆ ಮನುಷ್ಯ ಮುಂದೆ ಬೆಂಗಳೂರಿಗೆ ಬಂದು ಚಾಮುಂಡೇಶ್ವರಿ ಸ್ಟುಡಿಯೊ ಕಟ್ಟಿದರು. ಮದರಾಸಿನ ಈ ಕೇಸಿನ ಒಂದು ಎಳೆ ಹೀಗೆ ಕನ್ನಡ ಚಿತ್ರರಂಗದ ಅಂಗಳಕ್ಕೇ ಬಂದು ಸೇರಿದೆ. ತಮಿಳರು ಆ ಭಾಗವನ್ನು ಬಿಟ್ಟರೆ ಅದನ್ನು ಹೇಳಬೇಕಾದವರು ನಾವೇ.