ತಿರುವಣ್ಣನವರಿಗೆ ಹುಟ್ಟುಹಬ್ಬದ ಶುಭಾಶಯಗಳು

ದಸರಾ ರಜೆಗೆ ಹೆಂಡತಿಯ ತವರಿಗೆ ಹೋಗಿದ್ದೆವು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಊರು. ಈ ಸಲ ಮನೆಯಲ್ಲಿ ಸೇರಿದ ತಲೆ ಒಂಬತ್ತು, ಇದ್ದ ಕಾರು ಒಂದು. ಎಲ್ಲರೂ ಆಗುಂಬೆಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿ ಬರಬೇಕು ಅಂತ ಮಧ್ಯಾಹ್ನದ ಊಟದ ಎಲೆಯ ಮುಂದೆಯೇ ತೀರ್ಮಾನವಾಯಿತು. ಕಾರಿನಲ್ಲಿ ಏಳು ಜನ ಮತ್ತು ಒಂದು ಡಬ್ಬಿ ಕೋಡುಬಳೆ ತುಂಬಿದ ಮೇಲೆ ಉಳಿದವರು ನಾನು ಮತ್ತು ಚಿಕ್ಕ ಮಾವ. ನಮ್ಮಿಬ್ಬರಿಗೆ ಭಾವಮೈದನ ಹಳೇ ಬೈಕು.

ಚಿಕ್ಕ ಮಾವ ರಿಟೈರಾದ ಹೈಸ್ಕೂಲ್ ಮೇಷ್ಟ್ರು. ಹೆಲ್ಮೆಟ್ ಕೊಟ್ಟರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಮ ಹಾಳೆಟೊಪ್ಪಿ ಸಾಕಾಗಲ್ವ ಅಳಿಯಂದ್ರೆ?" ಅಂದರು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾವ ಅಂದೆ. ಕಾನೂನು ಅಂದ ಕೂಡಲೇ ಹಾಕಿಕೊಂಡರು. ಮೇಷ್ಟ್ರಲ್ವಾ.

ಬೈಕಿನ ಹಿಂದೆ ಅವರನ್ನು ಕೂರಿಸಿಕೊಂಡು ಹೋಗುವುದು ಒಂದು ವಿದ್ಯೆ. ತಿರುವಿನಲ್ಲಿ ಬೈಕು ಎಡಕ್ಕೆ ವಾಲಿದರೆ ಮಾವ ಬಲಕ್ಕೆ ವಾಲುತ್ತಾರೆ. ಬಲಕ್ಕೆ ವಾಲಿದರೆ ಎಡಕ್ಕೆ. ಇಬ್ಬರು ಹುಡುಗರು ಹೊಡೆದಾಡಿದರೆ ಇಬ್ಬರಿಗೂ ಸಮ ಸಮ ಪೆಟ್ಟು ಕೊಟ್ಟು ಅಭ್ಯಾಸವಾದ ಮೈ ಅದು. ಮಲೆನಾಡಿನ ಒಳರಸ್ತೆ ಅಂದರೆ ಗೊತ್ತಲ್ಲ, ನೂರು ಮಾರು ನೆಟ್ಟಗಿದ್ದರೆ ಅದು ಯಾರದೋ ಮನೆಯ ಅಂಗಳ ಅಂತಲೇ ಲೆಕ್ಕ.

ಮನೆ ಬಿಟ್ಟು ಎರಡು ಕಿಲೋಮೀಟರ್ ಕೂಡ ಆಗಿರಲಿಲ್ಲ. ಒಂದು ಕಡೆ ಗುಡ್ಡ ಕಡಿದ ಧರೆ, ಒಂದು ಕಡೆ ಅಡಿಕೆ ತೋಟ, ಮಧ್ಯೆ ಮಂಡಿ ಮಡಚಿದ ಹಾಗೆ ಒಂದು ತಿರುವು. ಎದುರಿಂದ ಬರುವುದು ಎಮ್ಮೆಯೋ ಬಸ್ಸೋ ಕಾಣುವುದಿಲ್ಲ. ಹಿಂದೆ ಒಮ್ಮೆ ಹಾಲಿನ ಗಾಡಿ ತೋಟಕ್ಕೆ ಇಳಿದ ಮೇಲೆ ಊರಿನ ಹುಡುಗರು ದುಡ್ಡು ಕೂಡಿಸಿ ಅಲ್ಲೊಂದು ಉಬ್ಬುಗನ್ನಡಿ ಹಾಕಿದ್ದರು. ಕಂಬದ ಮೇಲೆ ತಟ್ಟೆಯಷ್ಟು ದೊಡ್ಡ ಕನ್ನಡಿ. ತಿರುವಿನ ಆಚೆ ಬರುವ ಗಾಡಿ ಅದರಲ್ಲಿ ಚಿಕ್ಕದಾಗಿ ಕಾಣುತ್ತಿತ್ತು. ಹೋದ ವರ್ಷ ನಾನೇ ನೋಡಿದ್ದೆ.

ಈ ಸಲ ಅಲ್ಲಿ ಕನ್ನಡಿ ಕಾಣಲಿಲ್ಲ. ಹತ್ತಡಿ ಉದ್ದದ ನಗು ಕಂಡಿತು.

ಬಿಳಿ ಶರ್ಟು, ಕೈಗೆ ದಪ್ಪ ಕಡಗ, ಮುಗಿದ ಕೈ. ತಲೆಯ ಮೇಲೆ ಸಾಲಾಗಿ ದೊಡ್ಡ ನಾಯಕರ ಗುಂಡು ಗುಂಡು ಮುಖ. ಕಾಲಡಿಯಲ್ಲಿ ಚಿಕ್ಕ ಹುಡುಗರ ಪಾಸ್‌ಪೋರ್ಟ್ ಫೋಟೋ, ಅದರಲ್ಲಿ ಅರ್ಧದಷ್ಟು ಜನ ಕಪ್ಪು ಕನ್ನಡಕ ಹಾಕಿ ಕಿವಿಗೆ ಫೋನ್ ಹಿಡಿದವರು. ನಡುವೆ "ಅಭಿವೃದ್ಧಿಯ ಹರಿಕಾರ, ಯುವಕರ ಕಣ್ಮಣಿ" ಅಂತ ಬರೆದಿದೆ. ಆ ರಸ್ತೆಗೆ ಇದ್ದ ಒಂದೇ ಒಂದು ಕಣ್ಣನ್ನು ಮುಚ್ಚಿಕೊಂಡು ಯುವಕರ ಕಣ್ಮಣಿ ನಿಂತಿದ್ದರು.

"ಹಾರ್ನ್ ಹೊಡೀರಿ, ಹಾರ್ನ್ ಹೊಡೀರಿ, ಕನ್ನಡಿಗೆ ಹುಟ್ಟುಹಬ್ಬ!" ಅಂತ ಮಾವ ಹಿಂದಿನಿಂದ ಕೂಗಿದರು. ನಾನು ಹಾರ್ನ್ ಒತ್ತಿದೆ. ಭಾವಮೈದನ ಬೈಕಿನ ಹಾರ್ನು ಬೆಕ್ಕಿಗೆ ನೆಗಡಿಯಾದ ಹಾಗೆ ಒಂದು ಸದ್ದು ಮಾಡಿತು. ಅಷ್ಟರಲ್ಲಿ ನಾಯಕರ ಎಡಗಿವಿಯ ಹಿಂದಿನಿಂದ ಒಂದು ಬಸ್ಸು ಹೊರಬಂತು.

ಏನೂ ಆಗಲಿಲ್ಲ, ಗಾಬರಿ ಬೇಡ. ನಾನು ಎಡಕ್ಕೆ ಎಳೆದೆ, ಮಾವ ಪದ್ಧತಿಯ ಪ್ರಕಾರ ಬಲಕ್ಕೆ ವಾಲಿದರು, ಬೈಕು ಎರಡನ್ನೂ ಕೇಳದೆ ಮೆತ್ತಗೆ ಚರಂಡಿಗೆ ಇಳಿಯಿತು. ಚರಂಡಿಯಲ್ಲಿ ಮಳೆಗಾಲದ ಕೆಸರು, ತರಗೆಲೆ ಹಾಸಿಗೆಯ ಹಾಗೆ ತುಂಬಿತ್ತು. ವರ್ಷಗಟ್ಟಲೆ ಅದನ್ನು ತೆಗೆಯದೆ ಕಾಪಾಡಿಕೊಂಡು ಬಂದವರಿಗೆ ನನ್ನ ಪಕ್ಕೆಲುಬುಗಳು ಋಣಿ. ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ, "ಕನ್ನಡಿ ನೋಡ್ಕಂಡು ಬರಕ್ಕಾಗಲ್ವ ಮಾರಾಯ್ರೆ?" ಅಂದು ಹೋದ.

ಕೆಸರಿನಲ್ಲಿ ಕೂತು ಮೇಲೆ ನೋಡಿದೆ. ನಾಯಕರು ಕೈ ಮುಗಿದುಕೊಂಡೇ ಇದ್ದರು. ಮೊದಲ ಸಲ ಆ ಕೈಮುಗಿತದ ಅರ್ಥ ಹೊಳೆಯಿತು. ಪಾಪ, ಮುಂಗಡವಾಗಿ ಕ್ಷಮೆ ಕೇಳುತ್ತಿದ್ದರು.

ಹುಟ್ಟುಹಬ್ಬ ಯಾವಾಗ ಅಂತ ತಾರೀಕು ನೋಡಿದೆ. ಜುಲೈ. ನಾವು ಬಿದ್ದಿದ್ದು ಅಕ್ಟೋಬರಿನಲ್ಲಿ. ತಿರುವಿನ ಆಚೆಯ ಗೂಡಂಗಡಿಯಲ್ಲಿ ಕೈಕಾಲು ತೊಳೆದುಕೊಳ್ಳಲು ನೀರು ಕೇಳಿದೆವು. ಅಂಗಡಿಯವನಿಗೆ ಇದು ಹೊಸದಲ್ಲ. ಕೇಳುವ ಮೊದಲೇ ಚೊಂಬು ಹಿಡಿದು ನಿಂತಿದ್ದ.

"ಯಾರೂ ತೆಗ್ಯಲ್ವೇನೋ ಅದನ್ನ?" ಅಂದರು ಮಾವ.

"ಎಂತಕ್ಕೆ ತೆಗೀಬೇಕು ಮೇಷ್ಟ್ರೆ? ಮುಂದಿನ ಜುಲೈ ಹೆಂಗೂ ಬರುತ್ತಲ್ಲ."

"ಸ್ವಲ್ಪ ಪಕ್ಕಕ್ಕಾದ್ರೂ ಕಟ್ಟಬಹುದಿತ್ತಲ್ಲ?"

"ಪಕ್ಕಕ್ಕೆ ಕಟ್ಟಿದ್ರೆ ಕಾಣಬೇಕಲ್ಲ. ಎಲ್ರೂ ನೋಡೋದು ಕನ್ನಡಿ ಇದ್ದ ಕಡೆಗೇ."

ಈ ಮಾತು ಮಾತ್ರ ನಿಜ. ರಸ್ತೆಯಲ್ಲಿ ಕಣ್ಣು ಎಲ್ಲಿ ಹೋಗಲೇಬೇಕೋ ಅಲ್ಲೇ ಕಟ್ಟಬೇಕು ಅನ್ನುವುದು ಫ್ಲೆಕ್ಸ್ ಕಟ್ಟುವವರ ಶಾಸ್ತ್ರ. ಎಚ್ಚರಿಕೆ ಬೋರ್ಡು ಹಾಕುವವರು ಇದನ್ನು ಇನ್ನೂ ಕಲಿತಿಲ್ಲ. ಉಬ್ಬುಗನ್ನಡಿಯಲ್ಲಿ ಬಸ್ಸಿನಂಥ ಬಸ್ಸು ಬೆರಳಿನಷ್ಟು ಚಿಕ್ಕದಾಗಿ, ದೂರ ಇದ್ದ ಹಾಗೆ ಕಾಣುತ್ತದೆ. ಜಾಸ್ತಿ ಜಾಗ ತೋರಿಸಬೇಕಲ್ಲ, ಅದಕ್ಕೆ. ಫ್ಲೆಕ್ಸಿನಲ್ಲಿ ಇದರ ತಿರುಗು ಮುರುಗು. ಬೆರಳಿನಷ್ಟು ಇರುವವರು ಬಸ್ಸಿನಷ್ಟು ಕಾಣುತ್ತಾರೆ, ನಮ್ಮ ಪಕ್ಕದಲ್ಲೇ ಇದ್ದ ಹಾಗೂ ಕಾಣುತ್ತಾರೆ.

ಬೈಕಿಗೆ ಏನೂ ಆಗಿರಲಿಲ್ಲ. ಹಾರ್ನು ಮಾತ್ರ ಬಿದ್ದ ಮೇಲೆ ಜೋರಾಯಿತು. ಹೊರಟೆವು. ಮಾವನ ಬಾಯಿಯೂ ಅಲ್ಲಿಂದಲೇ ಬಿಚ್ಚಿಕೊಂಡಿತು.

"ಅಳಿಯಂದ್ರೆ, ಈ ಪ್ಲಾಸ್ಟಿಕ್ ಫ್ಲೆಕ್ಸನ್ನ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಮಾಡಿದಾರೆ, ಗೊತ್ತಾ? ಮಾರ್ಚ್ ತಿಂಗಳು. ಕಂಡಕಂಡಲ್ಲಿ ಬೋರ್ಡು ಕಟ್ಟಿ ಊರು ಹಾಳು ಮಾಡಬಾರದು ಅಂತ ಅದಕ್ಕಿಂತ ಹಳೇ ಕಾಯ್ದೆನೂ ಒಂದಿದೆ, 1981ರದ್ದು."

"ಮತ್ತೆ ಇದು ಹೆಂಗೆ ನಿಂತಿದೆ ಮಾವ?"

"ನಾಕು ಗೂಟ ಹೊಡೆದು ಕಟ್ಟಿದಾರಲ್ಲ, ಅದಕ್ಕೆ."

ಮೇಷ್ಟ್ರ ಹತ್ತಿರ ಪ್ರಶ್ನೆ ಕೇಳುವಾಗ ಸರಿಯಾಗಿ ಕೇಳಬೇಕು.

ಮುಖ್ಯರಸ್ತೆ ಸೇರುವ ಮೊದಲು ಒಂದು ಹಂಪ್ ಇದೆ. ಅದರ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನನ್ನ ಸೊಂಟ ನನ್ನನ್ನು ಕ್ಷಮಿಸುವುದಿಲ್ಲ. ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ ಹಂಪಿಗೆ ಅಳತೆ ಕೊಟ್ಟಿದೆ. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಗಾಡಿ ಹಾಯಾಗಿ ಹತ್ತಿ ಇಳಿಯಬೇಕು. ಅಂದರೆ ಒಂದು ಕಾರಿನಷ್ಟು ಉದ್ದಕ್ಕೆ ಹರಡಿಕೊಂಡ ಸಣ್ಣ ದಿಬ್ಬ. ನಮ್ಮ ಊರಿನದು ಒಂದು ಹಂದಿ ರಸ್ತೆಗೆ ಅಡ್ಡ ಮಲಗಿ, ಅದರ ಮೇಲೆ ಯಾರೋ ಡಾಂಬರು ಸುರಿದು ಹೋದ ಹಾಗಿದೆ. ಬಣ್ಣ ಇಲ್ಲ. "ಮುಂದೆ ರಸ್ತೆ ಉಬ್ಬು ಇದೆ" ಅನ್ನುವ ಬೋರ್ಡು ಇದೆ, ಆದರೆ ಉಬ್ಬು ದಾಟಿದ ಮೇಲೆ ಸಿಗುತ್ತದೆ. ಬಿದ್ದವನು ಎದ್ದು ಕೂತು ಕಾರಣ ತಿಳಿದುಕೊಳ್ಳಲಿ ಅಂತ ಇರಬೇಕು. ಅದೇ ಕಂಬಕ್ಕೆ ಮೂರು ಹೋಮ್‌ಸ್ಟೇ ಬೋರ್ಡು ಜೋತು ಬಿದ್ದಿವೆ. ಮೂರು ಬಾಣ, ಮೂರು ದಿಕ್ಕು. ಅದರಲ್ಲಿ ಒಂದು ಆಕಾಶ ತೋರಿಸುತ್ತದೆ. ಮೊಳೆ ಸಡಿಲವಾಗಿದೆ ಅಷ್ಟೆ. ಆದರೆ ಹಂಪ್ ನೋಡಿದ ಮೇಲೆ ಅದೂ ನಿಜ ಇರಬಹುದು ಅನ್ನಿಸುತ್ತದೆ.

ಮುಖ್ಯರಸ್ತೆ ಅಂದರೆ 169ಎ, ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿ, ಮಲ್ಪೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ಒಂದು ಕಡೆ "ಅಪಘಾತ ವಲಯ, ನಿಧಾನವಾಗಿ ಚಲಿಸಿ" ಅಂತ ಬೋರ್ಡು ಕಂಡಿತು. ಮಾವ ನನ್ನ ಭುಜ ತಟ್ಟಿದರು.

"ಇದು ಪುಣ್ಯ ಮಾಡಿದ ಜಾಗ ನೋಡಿ. ಬೋರ್ಡು ಬಂದಿದೆ. ನಮ್ಮೂರ ತಿರುವಿಗೆ ಅರ್ಹತೆ ಇಲ್ಲ."

"ಅರ್ಹತೆನಾ?"

"ಹೌದು ಮತ್ತೆ. ಸರ್ಕಾರದ ಲೆಕ್ಕದಲ್ಲಿ ಬ್ಲ್ಯಾಕ್ ಸ್ಪಾಟ್, ಅಂದ್ರೆ ಅಪಘಾತದ ಜಾಗ ಅನ್ನಿಸ್ಕಬೇಕಾದ್ರೆ ಮೊದಲು ರಾಷ್ಟ್ರೀಯ ಹೆದ್ದಾರಿ ಆಗಿರಬೇಕು. ಆಮೇಲೆ 500 ಮೀಟರ್ ಒಳಗೆ, ಮೂರು ವರ್ಷದಲ್ಲಿ, ಜೀವ ಹೋಗಿದ್ದೋ ಜೋರು ಪೆಟ್ಟಾಗಿದ್ದೋ 5 ಅಪಘಾತ ಆಗಿರಬೇಕು. ಇಲ್ಲಾಂದ್ರೆ 10 ಜನ ಸತ್ತಿರಬೇಕು. ನೀವು ಚರಂಡಿಗೆ ಮೆತ್ತಗೆ ಇಳಿದು, ಎದ್ದು, ಚೊಂಬಲ್ಲಿ ಕಾಲು ತೊಳ್ಕಂಡು ಬಂದ್ರೆ ಅದು ಲೆಕ್ಕಕ್ಕೆ ಬರಲ್ಲ. ಪಾಸಾಗಕ್ಕೆ 35 ಬೇಕಿದ್ದ ಕಾಲದಲ್ಲಿ 34 ಮಾರ್ಕ್ಸ್ ತೆಗೆದ ಹಂಗೆ."

ಒಬ್ಬ ಮನುಷ್ಯ ಮೂವತ್ತು ವರ್ಷ ಪೇಪರು ತಿದ್ದಿದರೆ ಸಾವಿನಲ್ಲೂ ಪಾಸು ಫೇಲು ಕಾಣುತ್ತದೆ.

ಆಗುಂಬೆ ಮುಟ್ಟುವಷ್ಟರಲ್ಲಿ ಮಂಜು. ಕಾರಿನವರು ಆಗಲೇ ಸೂರ್ಯಾಸ್ತದ ಕಟ್ಟೆಯ ಮೇಲೆ ಕೋಡುಬಳೆ ತಿನ್ನುತ್ತಾ ನಿಂತಿದ್ದರು. ಆಕಾಶ ಚೊಕ್ಕ ಇದ್ದರೆ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ. ನಮಗೆ ಎದುರಿನ ಮರವೇ ಕಾಣಲಿಲ್ಲ. ನೂರಾರು ಜನ ಬೆಳ್ಳಗಿನ ಮೋಡದ ಕಡೆ ಮುಖ ಮಾಡಿ, ಆಮೇಲೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡು ಹೋದರು. ಘಾಟಿಯ ಕಡೆಯಿಂದ ಏದುಸಿರು ಬಿಡುತ್ತಾ ಒಂದು ಕಾರು ಮೇಲೆ ಬಂತು. 14 ಹೇರ್‌ಪಿನ್ ತಿರುವು ಹತ್ತಿ ಬಂದ ಆ ಡ್ರೈವರನ ಮುಖ ನೋಡಿದರೆ ಸೂರ್ಯ ಅಲ್ಲೇ ಮುಳುಗಿದ ಹಾಗಿತ್ತು.

ವಾಪಸು ಬರುವಾಗ ಕತ್ತಲಾಗಿತ್ತು. ನಿಧಾನಕ್ಕೆ ಬಂದೆ. ದಾರಿಯ ಗುಂಡಿಗಳನ್ನು ಒಂದೊಂದಾಗಿ ಬಳಸಿಕೊಂಡು ಬರುವಾಗ ಒಂದು ವಿಚಾರ ತಲೆಗೆ ಬಂತು. ಆಗುಂಬೆ ಸುತ್ತ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಆಸುಪಾಸು ಮಳೆ. ಚರಂಡಿ ಕಸ ತುಂಬಿ ಕಟ್ಟಿಕೊಂಡರೆ ಆ ನೀರೆಲ್ಲ ರಸ್ತೆಯ ಮೇಲೇ ಹರಿಯುತ್ತದೆ. ಜಲ್ಲಿಗೂ ಡಾಂಬರಿಗೂ ನಡುವೆ ನೀರು ನುಗ್ಗಿದರೆ ಎರಡೂ ಬೇರೆ ಬೇರೆ. ಒಂದು ಮಳೆಗಾಲಕ್ಕೆ ರಸ್ತೆ ಎದ್ದು ಹೋಗುತ್ತದೆ. ಆದರೆ ಜುಲೈ ತಿಂಗಳ ಜಡಿಮಳೆಯಲ್ಲಿ ಕಟ್ಟಿದ ಫ್ಲೆಕ್ಸು? ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು, ಬಿಳಿ ಶರ್ಟಿನ ಇಸ್ತ್ರಿಯೂ ಮುರಿದಿಲ್ಲ.

"ಮಾವ, ರಸ್ತೆಗೆ ಫ್ಲೆಕ್ಸೇ ಹಾಸಿದ್ರೆ ಹೆಂಗೆ?"

"ಜಾರುತ್ತೆ," ಅಂದರು ಮಾವ. "ಅದೂ ಅಲ್ಲದೆ, ನಾಯಕರ ಮೇಲೆ ಬೈಕ್ ಹತ್ತಿಸಿದ್ರು ಅಂತ ನಿಮ್ಮ ಮೇಲೇ ಕೇಸಾಗುತ್ತೆ."

ಮನೆಗೆ ಬಂದು ಸೌದೆ ಕೊಟ್ಟಿಗೆಯ ಪಕ್ಕ ಬೈಕು ನಿಲ್ಲಿಸಿದೆ. ಟಾರ್ಚಿನ ಬೆಳಕಿನಲ್ಲಿ ಇನ್ನೊಂದು ನಗು ಕಂಡು ಒಂದು ಕ್ಷಣ ಬೆಚ್ಚಿಬಿದ್ದೆ. ಸೌದೆ ನೆನೆಯಬಾರದು ಅಂತ ಅತ್ತೆ ಹಳೇ ಫ್ಲೆಕ್ಸು ಹೊದಿಸಿದ್ದರು. ಯಾವುದೋ ಹಿಂದಿನ ಚುನಾವಣೆಯಲ್ಲಿ ಸೋತವರು. ಮೂರು ಮಳೆಗಾಲದಿಂದ ಒಂದು ಹನಿ ಸೋರಿಲ್ಲವಂತೆ. ಸೋತ ಮೇಲಾದರೂ ಒಬ್ಬರು ಜನರ ಕೆಲಸಕ್ಕೆ ಬಂದಿದ್ದಾರೆ.

ಮಾರನೇ ದಿನ ಬೆಳಿಗ್ಗೆ ಮಾವ ದೂರು ಕೊಡಲು ಹೊರಟರು. ಒಂದು ಕಚೇರಿಯಲ್ಲಿ ರಸ್ತೆ ನಮ್ಮದಲ್ಲ ಅಂದರು. ಇನ್ನೊಂದರಲ್ಲಿ ಫ್ಲೆಕ್ಸ್ ನಮ್ಮದಲ್ಲ ಅಂದರು. ಕನ್ನಡಿ ಯಾರದು ಅಂತ ಮಾತ್ರ ಎರಡೂ ಕಡೆ ಕೇಳಿದರು. ಅನುಮತಿ ತಗೊಂಡು ಹಾಕಿದ್ದಾ, ಯಾರನ್ನು ಕೇಳಿ ಹಾಕಿದ್ದು ಅಂತ. ಮಾವ ಚಪ್ಪಲಿ ಮೆಟ್ಟಿಕೊಂಡು ಸುಮ್ನೆ ಎದ್ದು ಬಂದರು.

ಮಧ್ಯಾಹ್ನ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದರು. ಆಮೇಲೆ, "ಅಳಿಯಂದ್ರೆ, ಬೈಕ್ ತೆಗೀರಿ, ತೀರ್ಥಹಳ್ಳಿಗೆ ಹೋಗಣ" ಅಂದರು. ದಾರಿಯಲ್ಲಿ ಆ ತಿರುವಿನ ಹತ್ತಿರ ನಿಲ್ಲಿಸಿ ನನ್ನ ಮೊಬೈಲಿನಲ್ಲಿ ತಿರುವಿನ ಒಂದು ಫೋಟೋ ತೆಗೆಸಿದರು. ಪೂರ್ತಿ ಬರಬೇಕು, ಎರಡೂ ಭುಜ ಕಾಣಬೇಕು ಅಂತ ತಾಕೀತು ಬೇರೆ.

ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ಹುಡುಗ. ಬಟ್ಟೆ ಮೇಲೆ ಪ್ರಿಂಟ್ ಆಗಬೇಕು, ಪ್ಲಾಸ್ಟಿಕ್ ಬೇಡ ಅಂತ ಮಾವ ಮೊದಲೇ ಹೇಳಿದರು. ಕಟ್ಟುವುದೂ ಗೆಳೆಯರೊಬ್ಬರ ತೋಟದ ಬೇಲಿಗೆ, ಒಪ್ಪಿಗೆ ತಗೊಂಡಾಗಿದೆ. ಆಮೇಲೆ ಜೇಬಿನಿಂದ ಚೀಟಿ ತೆಗೆದು ಉಕ್ತಲೇಖನ ಶುರು ಮಾಡಿದರು.

"ಬರ್ಕ. ಸನ್ಮಾನ್ಯ ಶ್ರೀ ತಿರುವಣ್ಣನವರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಕೆಳಗೆ, ನಲವತ್ತು ವರ್ಷಗಳಿಂದ ಒಂದೇ ಕಡೆ ನಿಂತು ಎಲ್ಲರನ್ನೂ ಸಮಾನವಾಗಿ ಬೀಳಿಸುತ್ತಿರುವವರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಇವರ ದರ್ಶನಕ್ಕೆ ನಿಧಾನವಾಗಿ ಬನ್ನಿ, ಹಾರ್ನ್ ಮಾಡಿ. ಶುಭ ಕೋರುವವರು, ಬಿದ್ದವರ ಬಳಗ."

ಹುಡುಗ ಟೈಪ್ ಮಾಡುತ್ತಾ ಹೋದ. ನಗಲಿಲ್ಲ. ಅವನು ದಿನಕ್ಕೆ ಎಷ್ಟೋ ಇಂಥವು ಮಾಡುತ್ತಾನೆ. ನಾನು ಮಾತ್ರ ಮಾವನ ಕಿವಿಯಲ್ಲಿ, "ಎಚ್ಚರಿಕೆ, ಮುಂದೆ ತಿರುವಿದೆ ಅಂತ ಬರೆಸಿದ್ರೆ ಸಾಕಲ್ವಾ?" ಅಂದೆ.

"ಎಚ್ಚರಿಕೆ ಅಂತ ಬರೆದ್ರೆ ಅದರ ಮೇಲೆ ನಾಳೆನೇ ಇನ್ನೊಂದು ಕಟ್ತಾರೆ. ಹುಟ್ಟುಹಬ್ಬ ಅಂತ ಬರೆದ್ರೆ ಮುಟ್ಟಕ್ಕೆ ಹೆದರ್ತಾರೆ. ಯಾರ ಕಡೆಯವನೋ ಏನೋ ಅಂತ."

ಹುಡುಗ ತಲೆ ಎತ್ತಿದ. "ಸರ್, ಇವ್ರು ಯಾವ ಪಾರ್ಟಿ? ಬಾರ್ಡರ್ ಕಲರ್ ಹಾಕ್ಬೇಕಿತ್ತು."

ಮಾವ ಸ್ವಲ್ಪ ಯೋಚನೆ ಮಾಡಿದರು. "ಹೋಗುವಾಗ ಎಡಕ್ಕೆ ತಿರುಗ್ತಾರೆ, ಬರುವಾಗ ಬಲಕ್ಕೆ ತಿರುಗ್ತಾರೆ. ಯಾವ್ದು ಅಂತ ಹೇಳದು?"

"ಸರಿ ಸರ್, ಎಲ್ಲಾ ಕಲರ್ರೂ ಹಾಕ್ತೀನಿ." ನನ್ನ ಮೊಬೈಲಿನಿಂದ ಫೋಟೋ ಹಾಕಿಕೊಂಡು ಹಿಗ್ಗಿಸಿದ. ಪರದೆಯ ತುಂಬ ಡಾಂಬರು ಕಿತ್ತ ರಸ್ತೆ, ಎರಡು ಬದಿ ಹುಲ್ಲು, ನಡುವೆ ಕರ್ರಗೆ ಒಂದು ಡೊಂಕು. ಅವನ ಕೈ ಅಭ್ಯಾಸ ಬಲದಿಂದ ಮೌಸ್ ಮೇಲೆ ಹೋಯಿತು.

"ಫೋಟೋಕ್ಕೆ ಬಿಳಿ ಶರ್ಟ್ ಹಾಕ್ಲಾ ಸರ್? ಎಲ್ರೂ ಹಾಕಿಸ್ತಾರೆ."

ಮಾವ ಕನ್ನಡಕ ಸರಿ ಮಾಡಿಕೊಂಡು ಪರದೆಯನ್ನೇ ನೋಡಿದರು.

"ಶರ್ಟ್ ಬೇಡ ಮಾರಾಯ. ಎರಡು ಬದಿಗೂ ಒಂದೊಂದು ಬಿಳಿ ಪಟ್ಟೆ ಎಳಿ. ಫೋಟೋದಲ್ಲಾದ್ರೂ ಇರಲಿ."