ಎರಡನೆಯ ತಂಬೂರಿ

ಪಾರ್ಸೆಲ್ ಬಿಚ್ಚಿದಾಗ ಹೊರಬಂದದ್ದು ಅಮ್ಮನ ಎಲೆಅಡಿಕೆ ಡಬ್ಬಿಗಿಂತ ಚಿಕ್ಕದಾದ ಒಂದು ಕರಿಯ ಪೆಟ್ಟಿಗೆ. “ಇಷ್ಟಕ್ಕೆ ಎಷ್ಟು ಕೊಟ್ಟಿರಿ?” ಎಂದಳು ಹೆಂಡತಿ. ನಿಜವಾದ ಬೆಲೆಯಲ್ಲಿ ಅರ್ಧ ಹೇಳಿದೆ. ಅಷ್ಟಕ್ಕೇ ಒಲೆಯ ಮೇಲಿನ ಹಾಲು ಉಕ್ಕಿತು.

ಅದರ ಹೆಸರು ಡ್ಯಾಕ್. ಸಿ.ಡಿ.ಯಲ್ಲಿ ಇರುವುದು ಸಂಗೀತವಲ್ಲ, ಬರೀ ಲೆಕ್ಕ. ಎಡಗಿವಿಗೆ ಸೆಕೆಂಡಿಗೆ 44,100 ಅಂಕಿ, ಬಲಗಿವಿಗೆ ಅಷ್ಟೇ. ಆ ಅಂಕಿಗಳನ್ನೆಲ್ಲ ಮತ್ತೆ ಅಲೆಯಾಗಿಸಿ ಆಂಪ್ಲಿಫೈಯರಿಗೆ ಒಪ್ಪಿಸುವ ಶಾನುಭೋಗ ಈ ಪೆಟ್ಟಿಗೆ. ನನ್ನ ಲ್ಯಾಪ್‌ಟಾಪಿನೊಳಗೂ ಒಬ್ಬ ಶಾನುಭೋಗನಿದ್ದ. ಪಾಪ, ಸಂತೆಯ ನಡುವೆ ಕೂತು ಲೆಕ್ಕ ಬರೆಯುವವನು. ಮೌಸ್ ಸರಿಸಿದರೆ ಸ್ಪೀಕರಿನಲ್ಲಿ ನಿಜವಾಗಿಯೂ ಇಲಿ ಕಿಚಗುಟ್ಟಿದಂತಾಗುತ್ತಿತ್ತು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಷಾಢದಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಹೈಫೈ ಏನು, ಪಕ್ಕದವರು ಕೂಗಿದ್ದೂ ಕೇಳಿಸುವುದಿಲ್ಲ. ಹೊಳವಾಗುವುದನ್ನೇ ಕಾದು, ಆಂಪ್ಲಿಫೈಯರಿನ ಮೇಲಿದ್ದ ಹಪ್ಪಳ, ಬೆಂಕಿಪೊಟ್ಟಣಗಳನ್ನು ಕೆಳಗಿಳಿಸಿದೆ. (ಅಮ್ಮನ ಪ್ರಕಾರ ಆ ಯಂತ್ರ ಇರುವುದೇ ಅವನ್ನು ಬೆಚ್ಚಗಿಡಲು.) ಕೆಂಪು ಬಿಳಿ ತಂತಿ ಸಿಕ್ಕಿಸಿ, ಹಳೆಯ ವೀಣಾ ಕಚೇರಿಯೊಂದನ್ನು ಹಾಕಿದೆ. ಮೀಟಿನ ನಂತರ ತಂತಿಯ ನಾದ ಕರಗುವುದು ಕೊನೆಯವರೆಗೂ ಕೇಳಿಸಿತು. ಸಭೆಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸಿತು. ಆ ಕೆಮ್ಮು ಕೇಳಿಯೇ ಕೊಟ್ಟ ದುಡ್ಡು ಸಾರ್ಥಕವಾಯಿತು ಅಂದುಕೊಂಡೆ.

ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ತಲೆಯೆತ್ತಿದಳು. “ತಂಬೂರಿಗೆ ಇಬ್ಬರು ಕೂತಿದ್ದಾರೇನೋ? ಒಬ್ಬನ ಶ್ರುತಿ ಸೇರಿಲ್ಲ.”

ಕಿವಿಗೊಟ್ಟೆ. ಹೌದು, ತಳದಲ್ಲಿ ಎಲ್ಲಿಯೋ ಗುಂಯ್ ಎನ್ನುತ್ತಿತ್ತು. ಕೃತಿ ಮುಗಿಯಿತು, ಚಪ್ಪಾಳೆಯೂ ಮುಗಿಯಿತು, ಗುಂಯ್ ಮಾತ್ರ ನಿಲ್ಲಲಿಲ್ಲ. “ಎಲ್ಲರೂ ಎದ್ದು ಹೋದರೂ ಇವನು ನುಡಿಸುತ್ತಲೇ ಇದ್ದಾನೆ. ಎಂಥ ಶ್ರದ್ಧೆ!” ಎಂದಳು ಅಮ್ಮ.

ಶ್ರದ್ಧೆ ವಿದ್ಯುತ್ತಿನದು. ಲ್ಯಾಪ್‌ಟಾಪಿನ ಚಾರ್ಜರ್ ಒಂದು ಗೋಡೆಯಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯಲ್ಲಿ. ಎರಡರ ಅರ್ಥಿಂಗ್ ತಂತಿಗಳನ್ನೂ ಡ್ಯಾಕ್ ನಡುವೆ ನಿಂತು ಬೆಸೆದಿತ್ತು. ಆ ಸುತ್ತಿನಲ್ಲಿ ಸೆಕೆಂಡಿಗೆ 50 ಆವರ್ತನದ ಮನೆಯ ಕರೆಂಟು ನುಸುಳಿ ಬಂದು ತನಿ ಆವರ್ತನ ನಡೆಸುತ್ತಿತ್ತು. ವೈರಿಂಗ್ ಮಾಡಿದವನನ್ನು ಕರೆಸಿದೆ. ಅವನು ಕವಳ ಉಗಿದು ಬಂದು, “ಮೂರನೇ ಪಿನ್ ಕತ್ತರಿಸಿಬಿಡಿ, ಸದ್ದು ನಿಲ್ಲುತ್ತದೆ” ಎಂದ. ಗೋಡೆಯೇ ಬೆವರುವ ಮಳೆಗಾಲದಲ್ಲಿ ಅರ್ಥಿಂಗ್ ಕತ್ತರಿಸಿದರೆ ಕೇಳುವವನ ಸದ್ದೂ ನಿಲ್ಲುತ್ತದೆ. ಕಾಫಿ ಕೊಟ್ಟು ಕಳಿಸಿದೆ.

ಕೊನೆಗೆ ಚಾರ್ಜರನ್ನೇ ಕಿತ್ತೆ. ಗುಂಯ್ ಥಟ್ಟನೆ ನಿಂತಿತು. ಆದರೆ ಲ್ಯಾಪ್‌ಟಾಪಿನ ಬ್ಯಾಟರಿ ಮುದಿಯಾಗಿದೆ. ಅರ್ಧ ಗಂಟೆ ಹಿಡಿದರೆ ಹೆಚ್ಚು. ಅಂದು ಸಂಜೆ ತೋಡಿಯ ಆಲಾಪನೆ ಮಂದ್ರದಿಂದ ಏರಿ ಏರಿ ತಾರಷಡ್ಜದ ಹೊಸ್ತಿಲಿಗೆ ಬಂದಾಗ ಪರದೆ ಕಪ್ಪಾಯಿತು. ಎಲ್ಲ ನಿಶ್ಶಬ್ದ. ಹೊರಗೆ ಮಳೆ ಮತ್ತೆ ಹಿಡಿದುಕೊಂಡಿತು.

ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಹಪ್ಪಳದ ಡಬ್ಬಿಯನ್ನು ಆಂಪ್ಲಿಫೈಯರಿನ ಮೇಲೆ ಇಟ್ಟಳು. “ಆ ಎರಡನೆಯವನನ್ನು ಎಬ್ಬಿಸಿ ಕಳಿಸಿದೆಯಲ್ಲ,” ಎಂದಳು, “ವೈಣಿಕರಿಗೆ ಸಿಟ್ಟು ಬಂತು ನೋಡು.”